ಸಣ್ಣ ಕಾರಿನ ನಿರ್ಗಮನ, ಸಣ್ಣ ಊರಿನ ಪಾಲು

ಚಿಟಗುಪ್ಪದ ನಮ್ಮ ಓಣಿಯಲ್ಲಿ ಬಣ್ಣ ಮಾಸಿದ ಮಾರುತಿ 800 ಒಂದು ಇಂದಿಗೂ ಓಡಾಡುತ್ತಿದೆ. ಅದೇ ಓಣಿಯ ಯುವ ಶಿಕ್ಷಕರೊಬ್ಬರು ಹೆಂಡತಿ ಹಾಗೂ ಇಬ್ಬರು ಮಕ್ಕಳನ್ನು ಒಂದೇ ಬೈಕಿನ ಮೇಲೆ ಕೂರಿಸಿಕೊಂಡು ಹುಮನಾಬಾದಿಗೆ ಹೋಗಿಬರುತ್ತಾರೆ. ಅದು ಕಾನೂನಿಗೆ ವಿರುದ್ಧವೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಈಚೆಗೆ ಅವರು ‘ಕಾಕಾ, ಅಂಥ ಸಣ್ಣ ಗಾಡಿ ಕಂಪನಿಯವರು ಯಾಕ್ ಬಂದ್ ಮಾಡ್ಯಾರರಿ?’ ಎಂದು ಕೇಳಿದರು. ಅರ್ಥಶಾಸ್ತ್ರ ಓದಿ, ಮೂರು ದಶಕಗಳನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಈ ಪ್ರಶ್ನೆ ಸುಲಭವೆನಿಸಲಿಲ್ಲ. ಜನರು ಕೊಳ್ಳಲಿಲ್ಲ, ಆದ್ದರಿಂದ ನಿಂತಿತು ಎಂಬ ಉತ್ತರ ಅರ್ಧಸತ್ಯ ಮಾತ್ರ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೆ ಅದರ ನಿರ್ಗಮನ ಆರಂಭವಾದದ್ದು 2010ರ ಏಪ್ರಿಲ್‌ನಲ್ಲಿ. ಆಗ ಭಾರತ್ ಸ್ಟೇಜ್–4 ಮಾಲಿನ್ಯ ಮಾನದಂಡ 13 ನಗರಗಳಲ್ಲಿ ಜಾರಿಗೆ ಬಂತು. ಗಂಧಕದ ಅಂಶ ಕಡಿಮೆಯಿರುವ ಇಂಧನವನ್ನು ದೇಶಕ್ಕೆಲ್ಲ ಒಮ್ಮೆಲೇ ಪೂರೈಸುವ ಸ್ಥಿತಿ ಇಲ್ಲದಿದ್ದುದರಿಂದ ಉಳಿದೆಡೆ ಸ್ಟೇಜ್–3 ಸಾಕೆಂದು ಸರ್ಕಾರ ತೀರ್ಮಾನಿಸಿತ್ತು. ಆ 13ರ ಪಟ್ಟಿಯಲ್ಲಿ ಬೆಂಗಳೂರಿನೊಡನೆ ಹೈದರಾಬಾದ್ ಮತ್ತು ಸೊಲ್ಲಾಪುರವೂ ಇದ್ದವು. ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳನ್ನು ಹಾದುಹೋಗುವ ಹೆದ್ದಾರಿ ಈ ಎರಡು ನಗರಗಳನ್ನು ಕೂಡಿಸುತ್ತದೆ. ಹೀಗಾಗಿ ಹೆದ್ದಾರಿಯ ಆ ಬದಿಯ ಹೈದರಾಬಾದಿನಲ್ಲಾಗಲಿ, ಈ ಬದಿಯ ಸೊಲ್ಲಾಪುರದಲ್ಲಾಗಲಿ ಹೊಸ 800 ಮಾರುವಂತಿರಲಿಲ್ಲ. ನಡುವಿನ ನಮ್ಮ ಬೀದರ್ ಜಿಲ್ಲೆಯಲ್ಲಿ ಮಾರಬಹುದಿತ್ತು. ಒಂದೇ ಕಾರು ಒಂದು ಮಾರುಕಟ್ಟೆಯಲ್ಲಿ ಸತ್ತು, ಪಕ್ಕದ ಮಾರುಕಟ್ಟೆಯಲ್ಲಿ ಇನ್ನೂ ನಾಲ್ಕು ವರ್ಷ ಬದುಕಿದ್ದು ಹೀಗೆ.

ಅದೇ ಕಂಪನಿ ತನ್ನ ಆಲ್ಟೊ ಕಾರನ್ನು ಹೊಸ ಮಾನದಂಡಕ್ಕೆ ಏರಿಸಿತು, 800 ಅನ್ನು ಏರಿಸಲಿಲ್ಲ. ಕಾರಣ ಸ್ಥಿರ ವೆಚ್ಚದ ಲೆಕ್ಕಾಚಾರ. ಒಂದು ಮಾದರಿಯ ಮರುವಿನ್ಯಾಸ ಮತ್ತು ಪರೀಕ್ಷೆಗೆ 100 ಕೋಟಿ ರೂಪಾಯಿ ಬೇಕೆಂದು ಊಹಿಸಿಕೊಳ್ಳೋಣ. ಎರಡು ಲಕ್ಷ ಕಾರು ಮಾರಾಟವಾಗುವಂತಿದ್ದರೆ ಪ್ರತಿ ಕಾರಿನ ಮೇಲೆ ಬೀಳುವ ಭಾರ 5,000 ರೂಪಾಯಿ. ಇಪ್ಪತ್ತು ಸಾವಿರವಷ್ಟೇ ಮಾರಾಟವಾದರೆ ಅದು 50,000 ರೂಪಾಯಿ. ಈ 50,000 ಹತ್ತು ಲಕ್ಷದ ಕಾರಿಗೆ ಬೆಲೆಯ ಇಪ್ಪತ್ತನೆಯ ಒಂದು ಭಾಗ. ಎರಡು ಲಕ್ಷದ ಕಾರಿಗೆ ನಾಲ್ಕನೆಯ ಒಂದು ಭಾಗ. ಲಾಭಾಂಶ ಮೊದಲೇ ಕಡಿಮೆಯಿರುವ ಅಗ್ಗದ ಕಾರು ಇದನ್ನು ತಾಳಿಕೊಳ್ಳಲಾರದು. ನಿಯಮ ಎಲ್ಲರಿಗೂ ಒಂದೇ, ಅದರ ಭಾರ ಮಾತ್ರ ಒಂದೇ ಅಲ್ಲ.

ಇದು ನಮ್ಮ ದೇಶದ ಕಥೆಯಷ್ಟೇ ಅಲ್ಲ. 1976ರಿಂದ ತಯಾರಾಗುತ್ತಿದ್ದ ಫೋರ್ಡ್ ಫಿಯೆಸ್ಟಾ 2019ರಲ್ಲಿ ಅಮೆರಿಕದ ಮಾರುಕಟ್ಟೆಯನ್ನು ಬಿಟ್ಟಿತು. 2023ರ ಜುಲೈನಲ್ಲಿ ಯುರೋಪಿನಲ್ಲೂ ಅದರ ತಯಾರಿಕೆ ನಿಂತು, ಜರ್ಮನಿಯ ಕೊಲೋನ್ ಕಾರ್ಖಾನೆ ವಿದ್ಯುತ್ ಕಾರುಗಳ ಪಾಲಾಯಿತು. ನಮ್ಮಲ್ಲಿ ಬಿಡದಿಯ ಕಾರ್ಖಾನೆಯಿಂದ ಬರುತ್ತಿದ್ದ ಟೊಯೊಟಾ ಎಟಿಯೋಸ್ ಲಿವಾ, ಸ್ಟೇಜ್–6 ಮಾನದಂಡ ಬಂದ 2020ರಲ್ಲಿ ನಿಂತಿತು. 2022ರಲ್ಲಿ ಸ್ಯಾಂಟ್ರೊ, 2023ರಲ್ಲಿ ಆಲ್ಟೊ 800 ಅದೇ ದಾರಿ ಹಿಡಿದವು.

ಗ್ರಾಹಕರ ಅಭಿರುಚಿ ಬದಲಾದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಲಕ್ಷ ರೂಪಾಯಿಯ ಕಾರೆಂದು 2009ರಲ್ಲಿ ಬಂದ ನ್ಯಾನೊ, ಅಗ್ಗವೆಂಬ ಒಂದೇ ಗುಣದಿಂದ ಕಾರು ಮಾರಾಟವಾಗದು ಎಂಬುದನ್ನು ತೋರಿಸಿಕೊಟ್ಟಿತು. ನಿಯಮಗಳನ್ನು ಸಡಿಲಿಸಬೇಕೆಂಬ ವಾದವೂ ನನ್ನದಲ್ಲ. ಏರ್‌ಬ್ಯಾಗ್ ಕಡ್ಡಾಯವಾದದ್ದು, ಹೊಗೆ ಕಡಿಮೆಯಾದದ್ದು ಒಳ್ಳೆಯದೇ. ಚಿಟಗುಪ್ಪದ ಮಗುವಿನ ಪ್ರಾಣ ಬೆಂಗಳೂರಿನ ಮಗುವಿನ ಪ್ರಾಣಕ್ಕಿಂತ ಅಗ್ಗವಲ್ಲ.

ನನ್ನ ಆಕ್ಷೇಪ ಬೇರೆಯದು. ಸಾರ್ವಜನಿಕ ಹಿತಕ್ಕಾಗಿ ಸರ್ಕಾರ ಒಂದು ವೆಚ್ಚವನ್ನು ಹೇರಿದಾಗ, ಆ ವೆಚ್ಚ ಯಾರ ಹೆಗಲ ಮೇಲೆ ಹೆಚ್ಚು ಬೀಳುತ್ತದೆಂಬುದನ್ನು ತೆರಿಗೆ ನೀತಿ ಗಮನಿಸಬೇಕು. 2006ರ ಬಜೆಟ್ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿತು. ಆದರೆ ‘ಸಣ್ಣ’ ಎಂಬುದನ್ನು ನಿರ್ಧರಿಸಿದ್ದು ನಾಲ್ಕು ಮೀಟರ್ ಒಳಗಿನ ಉದ್ದ ಮತ್ತು ಎಂಜಿನ್ನಿನ ಗಾತ್ರ. ಜಿಎಸ್‌ಟಿಯಲ್ಲೂ ಅದೇ ವ್ಯಾಖ್ಯಾನ ಮುಂದುವರಿಯಿತು. 2025ರ ಸೆಪ್ಟೆಂಬರ್ 22ರಿಂದ ಈ ವರ್ಗದ ತೆರಿಗೆ ಶೇ 18ಕ್ಕೆ ಇಳಿಯಿತು. ಇಳಿಕೆ ಸ್ವಾಗತಾರ್ಹ. ಆದರೆ ಅಳತೆಗೆ ಒಳಪಡುವಂತೆ ಕತ್ತರಿಸಿ ಹೊಲಿದ, ಹತ್ತು ಲಕ್ಷ ದಾಟುವ ಎಸ್‌ಯುವಿಗೂ ಇದೇ ರಿಯಾಯಿತಿ. ಬೈಕಿನಿಂದ ಕಾರಿಗೆ ಏರಬಯಸುವ ಕುಟುಂಬವೂ, ಎರಡನೆಯ ಕಾರು ಕೊಳ್ಳುವ ಕುಟುಂಬವೂ ತೆರಿಗೆಯ ದೃಷ್ಟಿಯಲ್ಲಿ ಒಂದೇ. ಹೀಗಿರುವಾಗ ತಯಾರಕರು ಲಾಭ ಹೆಚ್ಚಿರುವ ಕಡೆಗೆ ಬಂಡವಾಳ ಹರಿಸುವುದು ಸಹಜ. ಅವರನ್ನು ದೂರಿ ಫಲವಿಲ್ಲ.

ಪರಿಣಾಮ ನಮ್ಮಂಥ ಊರುಗಳಲ್ಲಿ ಕಣ್ಣಿಗೆ ಕಾಣುತ್ತದೆ. ಹೊಸ ಕಾರು ಎಟುಕದವರು ನಗರದಲ್ಲಿ ಹತ್ತು–ಹನ್ನೆರಡು ವರ್ಷ ಓಡಿದ, ಏರ್‌ಬ್ಯಾಗ್ ಇಲ್ಲದ ಕಾರನ್ನು ಕೊಳ್ಳುತ್ತಾರೆ. ಅದೂ ಆಗದವರು ಬೈಕಿನಲ್ಲೇ ಉಳಿಯುತ್ತಾರೆ. ಸುರಕ್ಷತೆಗೆಂದು ಮಾಡಿದ ನಿಯಮದ ಫಲ ಅದು ಹೆಚ್ಚು ಬೇಕಾದವರನ್ನೇ ತಲುಪುವುದಿಲ್ಲ.

ಆಗಬೇಕಾದ್ದು ಎರಡು. ತೆರಿಗೆ ರಿಯಾಯಿತಿಗೆ ಉದ್ದದ ಬದಲು ಬೆಲೆ ಮತ್ತು ತೂಕ ಆಧಾರವಾಗಲಿ. ಸುರಕ್ಷತಾ ಸಾಧನಗಳ ವೆಚ್ಚದ ಒಂದು ಪಾಲನ್ನಾದರೂ ಅಗ್ಗದ ಕಾರುಗಳಿಗೆ ತೆರಿಗೆಯಲ್ಲಿ ಕಳೆದುಕೊಡಲಿ. ಜೊತೆಗೆ, ಕಾರನ್ನು ಎಂದೂ ಕೊಳ್ಳಲಾಗದವರಿಗಾಗಿ ತಾಲ್ಲೂಕು ಕೇಂದ್ರಗಳ ನಡುವೆ ಹೊತ್ತಿಗೆ ಸರಿಯಾಗಿ ಬರುವ ಬಸ್ಸುಗಳಿರಲಿ.

ಹಳೆಯ ಕಾರು ಬೇಡ, ಒಂದೆರಡು ವರ್ಷ ಕಾದಾದರೂ ಹೊಸದನ್ನೇ ಕೊಳ್ಳಿ ಎಂದು ಆ ಶಿಕ್ಷಕರಿಗೆ ಹೇಳಿದೆ. ‘ಅಲ್ಲೀತನಕ ಬೈಕೇ ಅದರಿ ಕಾಕಾ’ ಎಂದರು. ನೀತಿ ರೂಪಿಸುವವರು ಲೆಕ್ಕ ಹಾಕುವಾಗ ಆ ಬೈಕಿನ ಮೇಲಿರುವ ನಾಲ್ವರನ್ನೂ ಎಣಿಸಲಿ ಎಂಬುದಷ್ಟೇ ನನ್ನ ಕೋರಿಕೆ.