ಲೆಕ್ಕದ ಹಾಳೆಯ ದುಭಾಷಿ

ಯಲಹಂಕ ಉಪನಗರದಲ್ಲಾಗಲಿ, ಹೆಬ್ಬಾಳದ ಕೆರೆಯ ಆಸುಪಾಸಿನಲ್ಲಾಗಲಿ ಎದ್ದು ನಿಂತಿರುವ ದೊಡ್ಡ ವಸತಿ ಸಮುಚ್ಚಯಗಳಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿಯಾದವರ ಪಾಡನ್ನು ಬಲ್ಲವರೇ ಬಲ್ಲರು. ಕೊಳಾಯಿ ಸೋರುತ್ತಿದೆಯೆಂದು ಒಬ್ಬರು ಕನ್ನಡದಲ್ಲಿ ಬರೆದು ಕಳುಹಿಸುತ್ತಾರೆ. ಲಿಫ್ಟು ನಿಂತಿತೆಂದು ಇನ್ನೊಬ್ಬರು ಹಿಂದಿಯಲ್ಲಿ. ಮೇಲಿನ ಮನೆಯವರು ನಡುರಾತ್ರಿಯಲ್ಲಿ ಕುರ್ಚಿ ಎಳೆಯುತ್ತಾರೆಂದು ಮತ್ತೊಬ್ಬರು ತೆಲುಗಿನಲ್ಲಿ. ಇವೆಲ್ಲವೂ ಕೊನೆಗೆ ಹೋಗಿ ಸೇರುವುದು ಒಂದೇ ಶೀಟಿನೊಳಕ್ಕೆ. ಅಡ್ಡಗೆರೆ ಉದ್ದಗೆರೆಗಳ ನಡುವೆ ಚೌಕಾಬಾರದ ಮನೆಗಳಂತೆ ಸಾಲಾಗಿ ಕುಳಿತ ಚೌಕಗಳಲ್ಲಿ, ಒಂದೊಂದು ದೂರು ಒಂದೊಂದು ಭಾಷೆಯಲ್ಲಿ ತನ್ನ ಸರದಿಗಾಗಿ ಕಾಯುತ್ತಿರುತ್ತದೆ.

ಗಣಕದಲ್ಲಿ ಇಂಥ ಹಾಳೆಯನ್ನು ಮೊದಲು ಜನಪ್ರಿಯಗೊಳಿಸಿದ್ದು 1979ರ ವಿಸಿಕ್ಯಾಲ್ಕ್. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ಅಮೆರಿಕನ್ನರು ಅದನ್ನು ರಚಿಸಿದರು. ಒಂದು ಅಂಕಿಯನ್ನು ತಿದ್ದಿದರೆ ಅದನ್ನು ನೆಚ್ಚಿದ ಮೊತ್ತಗಳೆಲ್ಲ ತಾವಾಗಿಯೇ ತಿದ್ದಿಕೊಳ್ಳುವುದು ಅದರ ಹಿರಿಮೆಯಾಗಿತ್ತು. ಹಾಗೆ ಅಂಕಿಗಳಿಗೆಂದು ಹುಟ್ಟಿದ ಹಾಳೆ ಇಂದು ನುಡಿಯ ಗೊಡವೆಗೂ ಬಂದಿದೆ. ಗೂಗಲ್ ಶೀಟ್ಸ್‌ನಲ್ಲಿ ಎರಡು ಸೂತ್ರಗಳುಂಟು: ಡಿಟೆಕ್ಟ್‌ಲ್ಯಾಂಗ್ವೇಜ್ ಎಂಬುದು ಚೌಕದಲ್ಲಿರುವ ಬರಹ ಯಾವ ಭಾಷೆಯದೆಂದು ಹೇಳುತ್ತದೆ; ಗೂಗಲ್‌ಟ್ರಾನ್ಸ್‌ಲೇಟ್ ಎಂಬುದು ಅದನ್ನು ಬೇರೆ ಭಾಷೆಗೆ ತಿರುಗಿಸುತ್ತದೆ. ಮೈಕ್ರೋಸಾಫ್ಟಿನ ಎಕ್ಸೆಲ್‌ಗೂ ಇಂಥದೇ ಜೋಡಿಯೊಂದು 2024ರಲ್ಲಿ ಬಂದಿತು. ಸಮಚಿಹ್ನೆ ಹಾಕಿ ಸೂತ್ರವನ್ನು ಬರೆದು ಕೆಳಕ್ಕೆ ಎಳೆದರೆ ಸಾಕು, ನೂರಾರು ದೂರುಗಳ ಪಕ್ಕದಲ್ಲಿ ನೂರಾರು ಉತ್ತರಗಳು ಉದುರುತ್ತವೆ. ಭಾಷೆಗಳನ್ನು ಗುರುತಿಸಲು ಎರಡಕ್ಷರದ ಸಂಕೇತಗಳಿವೆ; ಕನ್ನಡಕ್ಕೆ 'ಕೆ ಎನ್'. ವಾಹನಗಳ ಫಲಕದ ಅಭ್ಯಾಸಬಲದಿಂದ 'ಕೆ ಎ' ಎಂದು ಬರೆದವರು ದೂರದ ಜಾರ್ಜಿಯಾ ದೇಶದ ಭಾಷೆಯನ್ನು ಕೇಳಿದಂತಾಗುತ್ತದೆ!

ಯಂತ್ರವು ಭಾಷೆಯನ್ನು ಗುರುತಿಸುವ ಬಗೆ ಸ್ವಾರಸ್ಯವಾದುದು. ಯೂನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ ಕನ್ನಡ ಲಿಪಿಗೆಂದೇ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ತೆಲುಗಿಗೆ ಬೇರೆ, ತಮಿಳಿಗೆ ಬೇರೆ. ಅಕ್ಷರಗಳು ಯಾವ ಸಾಲಿನವೆಂದು ನೋಡಿದೊಡನೆಯೇ ಅರ್ಧ ಕೆಲಸ ಮುಗಿಯಿತು. ಹಿಂದಿ ಮರಾಠಿಗಳಂತೆ ಲಿಪಿ ಒಂದೇ ಆದಲ್ಲಿ ಯಾವ ಅಕ್ಷರದ ಬಳಿಕ ಯಾವುದು ಹೆಚ್ಚಾಗಿ ಬರುತ್ತದೆಂಬ ಲೆಕ್ಕ ನೆರವಿಗೆ ಬರುತ್ತದೆ. ಮೂರು ನಾಲ್ಕು ಅಕ್ಷರಗಳ ತುಣುಕುಗಳನ್ನು ಎಣಿಸಿ ಭಾಷೆಯನ್ನು ಊಹಿಸುವ ಈ ಕ್ರಮವನ್ನು ಕಾವ್ನರ್ ಮತ್ತು ಟ್ರೆಂಕಲ್ ಎಂಬವರು 1994ರಲ್ಲೇ ವಿವರಿಸಿದ್ದರು. ಬರಹ ಉದ್ದವಾದಷ್ಟೂ ಊಹೆ ಗಟ್ಟಿಯಾಗುತ್ತದೆ. ಆದರೆ ಚೌಕದೊಳಗಿನ ಬರಹ ಉದ್ದವಾಗಿರುವುದುಂಟೆ? ಅಲ್ಲಿರುವುದು ಒಂದು ಪದ, ಎರಡು ಪದ.

ತೊಡಕು ಮೊದಲಾಗುವುದು ಇಲ್ಲಿಯೇ. ಕೈಫೋನಿನಲ್ಲಿ ಬರೆಯುವ ಕನ್ನಡಿಗರಲ್ಲಿ ಅನೇಕರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. ಹಾಗೆ ಬರೆದ 'ನೀರು' ಕನ್ನಡವೋ ತೆಲುಗೋ? ಎರಡೂ ಸರಿಯೇ, ಅರ್ಥವೂ ಒಂದೇ, ಹಾನಿಯಿಲ್ಲ. ಆದರೆ ಅದೇ ರೀತಿ ಬರೆದ 'ಪಾಲು' ತೆಲುಗಿನವರಿಗೆ ಹಾಲು, ಕನ್ನಡದವರಿಗೆ ಹಂಚಿಕೆ. ಹಾಲಿನ ಲೆಕ್ಕದಲ್ಲಿ 'ಪಾಲು ಎರಡು' ಎಂದಿದ್ದರೆ ಯಂತ್ರವು ಒಂದು ಮನೆಯನ್ನೇ ಇಬ್ಭಾಗ ಮಾಡಿಬಿಡಬಹುದು. ಮೂಲಭಾಷೆ ಯಾವುದೆಂದು ತಿಳಿಸದೆ ಬಿಟ್ಟರೆ ಅನುವಾದದ ಸೂತ್ರ ತಾನೇ ಅದನ್ನು ಊಹಿಸಿಕೊಳ್ಳುತ್ತದೆ. ಊಹೆ ತಪ್ಪಿದರೆ ಅನುವಾದವೂ ತಪ್ಪಿ, ಒಂದು ಪ್ರಮಾದದ ಮೇಲೆ ಇನ್ನೊಂದು ಏರಿ ಕುಳಿತುಕೊಳ್ಳುತ್ತದೆ. ಆದಕಾರಣ ಮೂಲಭಾಷೆ ತಿಳಿದಿರುವಲ್ಲಿ ಅದರ ಸಂಕೇತವನ್ನು ಕೈಯಾರೆ ಬರೆಯುವುದೇ ಲೇಸು.

ಇನ್ನೊಂದು ತೊಡಕು ಕನ್ನಡದ್ದೇ ಆದ ಹಳೆಯ ಸಾಲ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ವಿಧಾನದಲ್ಲಿ ಕನ್ನಡ ಅಕ್ಷರಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ವೇಷ ಹಾಕಿಕೊಂಡು ಕುಳಿತಿರುತ್ತಿದ್ದವು. ತಕ್ಕ ಫಾಂಟ್ ಇದ್ದಲ್ಲಿ ಅಚ್ಚ ಕನ್ನಡ. ಇಲ್ಲದಲ್ಲಿ ಕೊಂಬು ಚುಕ್ಕಿಗಳನ್ನು ಹೊತ್ತ ವಿಚಿತ್ರ ರೋಮನ್ ಅಕ್ಷರಗಳ ಗುಂಪು. ಆ ಕಾಲದ ಪಟ್ಟಿಗಳನ್ನು ಹಾಗೆಯೇ ಶೀಟಿಗೆ ತಂದು ಸುರಿದರೆ ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯುವ ಬಗೆಯೇ ಇಲ್ಲ. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು, ಆಮೇಲೆ ಉಳಿದ ಮಾತು.

ಭಾಷೆ ತಿಳಿಯದ ಚೌಕಗಳನ್ನೆಲ್ಲ 'ಇತರೆ' ಎಂಬ ಕಂಬಕ್ಕೆ ತಳ್ಳುವುದು ವಾಡಿಕೆ. ಅಲ್ಲಿ ಬಿದ್ದ ದೂರನ್ನು ಓದುವವರು ಯಾರು? ಸೋರುವ ಕೊಳಾಯಿ ಸೋರುತ್ತಲೇ ಇರುತ್ತದೆ.

ಲಿಪಿಯೇ ಭಾಷೆಯಲ್ಲವೆಂಬುದನ್ನು ಕನ್ನಡ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಳು, ಕೊಡವ, ಕರ್ನಾಟಕದ ಕೊಂಕಣಿ ಇವೆಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆಯುವುದುಂಟು. 2011ರ ಜನಗಣತಿಯಂತೆ ತುಳುವನ್ನು ಮಾತೃಭಾಷೆಯಾಗಿ ಹೇಳಿದವರು 18,46,427 ಮಂದಿ. ಆದರೂ ಎರಡಕ್ಷರದ ಸಂಕೇತ ಆ ಭಾಷೆಗಿಲ್ಲ, ಗೂಗಲ್ ಅನುವಾದದ ಪಟ್ಟಿಗೆ ಅದು ಸೇರಿದ್ದು 2024ರಲ್ಲಿ. ಕನ್ನಡ 2011ರಲ್ಲೇ ಸೇರಿತ್ತು. ಹೀಗಿರುವಾಗ ಶಾಲೆಯೊಂದರಲ್ಲಿ ಪೋಷಕರು ಬರೆದುಕೊಟ್ಟ ಚೀಟಿಗಳನ್ನು ಶೀಟಿಗೇರಿಸಿ, ಸೂತ್ರ ಹೇಳಿದ ಭಾಷೆಯನ್ನೇ ಮಕ್ಕಳ 'ಮನೆಮಾತು' ಎಂದು ನಮೂದಿಸಿದರೆ ಅದು ಸಣ್ಣ ತಪ್ಪಲ್ಲ. ಆರ್. ಟಿ. ನಗರದ ಉರ್ದು ಮನೆಮಾತಿನ ತಂದೆ ಸೊಗಸಾದ ಕನ್ನಡದಲ್ಲಿ ಪತ್ರ ಬರೆಯಬಹುದು. ಯಶವಂತಪುರದ ತಮಿಳು ತಾಯಿ ಇಂಗ್ಲಿಷಿನಲ್ಲಿ ಬರೆಯಬಹುದು. ಅದೇ 2011ರ ಜನಗಣತಿಯಲ್ಲಿ ದೇಶದ ಜನ ತಮ್ಮ ಮಾತೃಭಾಷೆಯೆಂದು ಹೇಳಿದ ಹೆಸರುಗಳು 19,569. ಅಧಿಕಾರಿಗಳು ಅವನ್ನು ಪರಿಶೀಲಿಸಿ 1,369 ಮಾತೃಭಾಷೆಗಳಾಗಿ ವಿಂಗಡಿಸಿದರು. ಆ ವಿಂಗಡಣೆಯ ಬಗೆಗೆ ವಾದವಿರಬಹುದು. ಆದರೆ ಅಲ್ಲಿ ಮೊದಲು ಮನುಷ್ಯನನ್ನು ಕೇಳಿದ್ದರು. ಸೂತ್ರವು ಕೇಳುವುದು ಅಕ್ಷರವನ್ನು ಮಾತ್ರ.

ಇನ್ನು ಅನುವಾದದ ಮಾತು. ಕನ್ನಡಕ್ಕೆ 2017ರಲ್ಲಿ ಬಂದ ಹೊಸ ವಿಧಾನವು ಇಡೀ ವಾಕ್ಯವನ್ನು ಒಟ್ಟಾಗಿ ನೋಡುತ್ತದೆ. ಆ ಬಳಿಕ ಅನುವಾದ ಬಹುಮಟ್ಟಿಗೆ ಸುಧಾರಿಸಿತೆಂಬುದನ್ನು ಒಪ್ಪಲೇಬೇಕು. ಆದರೆ ನೋಡಲು ವಾಕ್ಯವೇ ಇಲ್ಲದಿದ್ದರೆ? ಯಶವಂತಪುರದ ಮಾರುಕಟ್ಟೆ ಪ್ರಾಂಗಣದ ಧಾನ್ಯದ ಪಟ್ಟಿಯೊಂದನ್ನು ನೆನೆಯಿರಿ. ಒಂದು ಚೌಕದಲ್ಲಿ 'ಅವರೆ' ಎಂದಿದೆ. ವರ್ತಕರಿಗೆ ಅದು ಕಾಳು. ಒಂಟಿ ಪದವನ್ನು ಕಂಡ ಯಂತ್ರಕ್ಕೆ 'ಅವರೇ' ಎಂಬ ಸರ್ವನಾಮವಾಗಿ ತೋರಿದರೆ ಅದನ್ನು ದೂರುವಂತಿಲ್ಲ. 'ಕಾಲು' ಎಂದರೆ ಪಾದವೋ ನಾಲ್ಕನೆಯ ಒಂದು ಪಾಲೋ? 'ಹತ್ತು' ಎಂಬುದು ಅಂಕಿಯೋ, ಏರೆಂಬ ಆಜ್ಞೆಯೋ? ಪಕ್ಕದ ಚೌಕವನ್ನು ನೋಡಿದರೆ ಎಂಥವರಿಗೂ ಹೊಳೆಯುತ್ತದೆ. ಸೂತ್ರಕ್ಕೆ ತನ್ನ ಚೌಕವೇ ಪ್ರಪಂಚ. ಒಂಟಿ ಪದದ ಬದಲು 'ಅವರೆ ಕಾಳು, ಒಂದು ಮೂಟೆ' ಎಂದು ತುಂಬಿ ಬರೆದರೆ ಯಂತ್ರಕ್ಕೂ ದಾರಿ ಕಾಣುತ್ತದೆ.

ಧಾನ್ಯದ ಹೆಸರು ತಪ್ಪಿದರೆ ನಕ್ಕು ಸುಮ್ಮನಾಗಬಹುದು. ಪ್ರಕಟಣೆಗಳ ವಿಷಯ ಹಾಗಲ್ಲ. 'ಸಂಪಿನ ನೀರನ್ನು ಕುಡಿಯಬಾರದು' ಎಂಬುದನ್ನು ಸಮುಚ್ಚಯದ ಕಾವಲುಗಾರರಿಗೆ, ಮನೆಗೆಲಸದವರಿಗೆ ಅವರವರ ಭಾಷೆಯಲ್ಲಿ ತಿಳಿಸಬೇಕೆಂದಿಟ್ಟುಕೊಳ್ಳಿ. ಕನ್ನಡದಲ್ಲಿ 'ಕುಡಿಯಬಹುದು', 'ಕುಡಿಯಬಾರದು' ಇವೆರಡಕ್ಕೂ ಇರುವ ಅಂತರ ಕ್ರಿಯಾಪದದ ಬಾಲದಲ್ಲಿನ ಒಂದೆರಡು ಅಕ್ಷರ. ಬೆರಳು ಜಾರಿ ಬರೆದದ್ದನ್ನು ಯಂತ್ರವು ನಿಷ್ಠೆಯಿಂದ ತಿರುಗಿಸುತ್ತದೆ. ಎಲ್ಲಿ ಅದು ತಾನೇ ಜಾರಿತೋ ಅದನ್ನೂ ಅಷ್ಟೇ ಗಂಭೀರವಾದ ಮುಖದಿಂದ ಮುಂದಿಡುತ್ತದೆ. ಆ ಭಾಷೆ ಬಾರದ ಕಾರ್ಯದರ್ಶಿಗೆ ತಪ್ಪು ಕಾಣುವುದು ಹೇಗೆ?

ಹಾಗೆಂದು ಈ ಸೂತ್ರಗಳನ್ನು ದೂರವಿಡಬೇಕೆಂದಲ್ಲ. ನೂರು ದೂರುಗಳಲ್ಲಿ ತೊಂಬತ್ತನ್ನು ಯಂತ್ರ ವಿಂಗಡಿಸಿಕೊಟ್ಟರೆ ಉಳಿದ ಹತ್ತನ್ನು ಕಣ್ಣಿಟ್ಟು ಓದಲು ಬಿಡುವಾದರೂ ದೊರೆಯುತ್ತದೆ. ಮೂಲ ಬರಹದ ಕಂಬವನ್ನು ಅಳಿಸದೆ ಪಕ್ಕದಲ್ಲೇ ಇಟ್ಟುಕೊಂಡಿರಬೇಕು. ಬಂದ ಅನುವಾದವನ್ನು ಸೂತ್ರವಾಗಿ ಬಿಡದೆ, ನಕಲು ಮಾಡಿ ಬರಿಯ ಬರಹವಾಗಿ ಅಂಟಿಸಿಡುವುದು ಮೇಲು. ಇಲ್ಲವಾದರೆ ಸೂತ್ರ ಮತ್ತೆ ನಡೆದಾಗ ಪದಗಳು ಬದಲಾಗಬಹುದು. ಚೌಕದ ಬರಹ ಅನುವಾದಕ್ಕಾಗಿ ಕಂಪೆನಿಯ ಗಣಕಗಳಿಗೆ ಹೋಗಿ ಬರುತ್ತದೆಂಬುದನ್ನು ನೆನೆದು, ಕಾಯಿಲೆಯ ವಿವರ, ಬ್ಯಾಂಕಿನ ಸಂಖ್ಯೆ ಮುಂತಾದವನ್ನು ಅದರಲ್ಲಿ ತುಂಬದಿರುವುದು ಒಳಿತು. ಪ್ರಕಟಣೆಯನ್ನು ಗೋಡೆಗೆ ಅಂಟಿಸುವ ಮೊದಲು ಆ ಭಾಷೆಯವರೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಬೇಕು. ಗೇಟಿನ ಬಳಿಯಲ್ಲೇ ಅಂಥವರು ಸಿಗುತ್ತಾರೆ. ಓದುತ್ತ ಓದುತ್ತ ಅವರು ನಕ್ಕರೆಂದರೆ, ಎಲ್ಲಿ ನಕ್ಕರೆಂದು ಕೇಳಿ ಆ ಸಾಲಿನ ಕೆಳಗೆ ಗೆರೆ ಎಳೆಯಬೇಕು.