ಗೃಹಸ್ಥರಿಗೆ ಕಾನೂನು: ದಿವಾಳಿ ಮೊಕದ್ದಮೆಯ ಅಪೀಲು

ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ಅಡಿಕೆಯೇ ಅನೇಕ ಮನೆಗಳ ಅನ್ನ. ಮಳೆಗಾಲದ ಕೊಳೆರೋಗದಿಂದ ಕಾಯಿ ಉದುರಿದರೆ, ಸುಳ್ಯದ ಕಡೆಯ ತೋಟಗಳಂತೆ ಹಳದಿ ಎಲೆರೋಗವು ಹಬ್ಬಿದರೆ, ಮಾನವಂತನಾದ ಗೃಹಸ್ಥನೂ ಸಾಲದಲ್ಲಿ ಮುಳುಗುವನು. ಅಂಥವನ ರಕ್ಷಣೆಗಾಗಿ 1920ನೆಯ ಇಸವಿಯ ಪ್ರಾಂತೀಯ ದಿವಾಳಿ ಕಾಯಿದೆಯಿದೆ. 2016ರಲ್ಲಿ ಹೊಸ ಸಂಹಿತೆಯು ಬಂದರೂ, ಸಾಮಾನ್ಯ ಗೃಹಸ್ಥರಿಗೆ ಸಂಬಂಧಿಸಿದ ಅದರ ಭಾಗವು ಜಾರಿಗೆ ಬಾರದಿರುವುದರಿಂದ ಹಳೆಯ ಕಾಯಿದೆಯೇ ನಡೆಯುತ್ತಿದೆ.

ಒಬ್ಬ ಕೃಷಿಕನ ದಿವಾಳಿ ಅರ್ಜಿಯು ಕೆಳಗಿನ ಕೋರ್ಟಿನಲ್ಲಿ ವಜಾ ಆಯಿತೆಂದು ಭಾವಿಸೋಣ. ಜಿಲ್ಲಾ ಕೋರ್ಟಿಗೆ ಅಪೀಲು ಮಾಡಲು ಅವನಿಗೆ 30 ದಿನಗಳ ಅವಧಿಯುಂಟು; ತೀರ್ಪಿನ ನಕಲು ಪಡೆಯಲು ತಗಲಿದ ದಿನಗಳು ಲೆಕ್ಕಕ್ಕಿಲ್ಲ. ಅವನು ದುಃಖದ ಭರದಲ್ಲಿ ಹತ್ತು ಪುಟ ಬರೆಯಿಸುತ್ತಾನೆ: ಮಗಳ ಮದುವೆ, ಬೆಳೆಯ ನಾಶ, ಸಾಲ ಕೊಟ್ಟವರ ನಿಷ್ಠುರತೆ. ಎಲ್ಲವೂ ನಿಜವೇ. ಆದರೆ ತೀರ್ಪಿನಲ್ಲಿ ತಪ್ಪೇನೆಂಬುದು ಮಾತ್ರ ಅದರಲ್ಲೆಲ್ಲಿಯೂ ಇಲ್ಲ!

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆದೇಶವು ಸ್ಪಷ್ಟವಾಗಿದೆ. ಆಕ್ಷೇಪಣೆಗಳನ್ನು ಸಂಕ್ಷೇಪವಾಗಿ, ಬೇರೆ ಬೇರೆಯಾಗಿ, ಅಂಕೆಯಿಟ್ಟು ಬರೆಯಬೇಕು; ವಾದವೂ ಕಥನವೂ ಕೂಡದು. ಹೀಗಿಲ್ಲದ ಅಪೀಲನ್ನು ನ್ಯಾಯಾಧೀಶರು ತಿದ್ದಲು ಹಿಂದಿರುಗಿಸಬಹುದು, ಇಲ್ಲವೆ ತಿರಸ್ಕರಿಸಬಹುದು. ಹುರುಳಿಲ್ಲವೆಂದು ಕಂಡರೆ ಎದುರು ಕಕ್ಷಿಗೆ ನೋಟೀಸು ಕಳುಹಿಸದೆಯೇ ವಜಾ ಮಾಡಬಹುದು. ಬರೆಯದೆ ಬಿಟ್ಟ ಆಕ್ಷೇಪಣೆಯನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಆಮೇಲೆ ಎತ್ತಲಾಗದು. ಅಪೀಲು ಬಿದ್ದುಹೋದರೆ, ಸಾಲ ಕೊಟ್ಟವರು ಡಿಕ್ರಿ ಹಿಡಿದು ಜಪ್ತಿಗೆ ಬರುವುದನ್ನು ತಡೆಯುವುದು ಕಷ್ಟ.

ಒಳ್ಳೆಯ ಆಕ್ಷೇಪಣೆ ಹೇಗಿರುತ್ತದೆ? ಸಾಲಗಾರನೇ ಅರ್ಜಿದಾರನಾಗಿದ್ದರೆ, ತೀರಿಸುವ ಶಕ್ತಿ ತನಗಿಲ್ಲವೆಂದು ನಂಬಲು ಮೇಲ್ನೋಟದ ಆಧಾರವನ್ನು ತೋರಿಸಿದರೆ ಸಾಕೆಂದು ದಿವಾಳಿ ಕಾಯಿದೆಯ 24ನೆಯ ಕಲಮು ಹೇಳುತ್ತದೆ. ಕೆಳಗಿನ ಕೋರ್ಟು ಪೂರ್ಣ ರುಜುವಾತನ್ನು ಕೇಳಿ ಅರ್ಜಿಯನ್ನು ತಳ್ಳಿದ್ದರೆ, "ಕಾಯಿದೆಯು ಬೇಡದ ರುಜುವಾತನ್ನು ಕೇಳಿದ್ದು ತಪ್ಪು" ಎಂಬ ಒಂದು ವಾಕ್ಯವು ಆ ಹತ್ತು ಪುಟಗಳಿಗಿಂತ ಭಾರವಾದದ್ದು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ತೀರ್ಪಾದ ದಿನವೇ ನಕಲಿಗೆ ಅರ್ಜಿ ಹಾಕಿರಿ. ಸಾಲದ ಪತ್ರಗಳನ್ನೂ ಅಡಿಕೆ ಮಾರಿದ ಚೀಟಿಗಳನ್ನೂ ವಕೀಲರ ಮುಂದಿಡಿರಿ. ಅಪೀಲಿಗೆ ರುಜು ಹಾಕುವ ಮೊದಲು ಅದನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಂಡು, ಒಂದೊಂದು ಅಂಕೆಗೂ "ಇದು ತೀರ್ಪಿನ ಯಾವ ಮಾತನ್ನು ತಪ್ಪೆನ್ನುತ್ತದೆ?" ಎಂದು ಕೇಳಿರಿ. ಹೀಗೆ ಕೇಳಲು ಸಂಕೋಚ ಬೇಡ. ಹೋಗುವುದು ನಿಮ್ಮ ತೋಟ.