ಸಿಂಗಪುರದಿಂದ ಕೊಟ್ಟೂರಿಗೆ

ಬೇಸಿಗೆ ರಜೆ ಎಂದರೆ ಅಜ್ಜಿಯ ಊರು ಎಂಬ ಕಾಲವೊಂದಿತ್ತು. ಈಗ ಮಧ್ಯಮ ವರ್ಗದ ಮನೆಗಳ ಕಪಾಟಿನಲ್ಲೂ ಪಾಸ್‌ಪೋರ್ಟು ಇದೆ. ಉಳಿತಾಯದ ಹಣವೋ, ಕಂತಿನ ಸಾಲವೋ, ಅಂತೂ ಒಂದು ವಾರ ಸಿಂಗಪುರ, ಇಲ್ಲವೇ ದುಬೈ ಸುತ್ತಿ ಬರುವುದು ಅಸಾಧ್ಯವೇನಲ್ಲ. ಇದರಲ್ಲಿ ತಪ್ಪೂ ಇಲ್ಲ. ನಾಲ್ಕು ದೇಶ ನೋಡಿದ ಮಕ್ಕಳಿಗೆ ನಾಲ್ಕು ವಿಷಯ ಗೊತ್ತಾಗುತ್ತದೆ.

ಪ್ರಶ್ನೆ ಏಳುವುದು ತಿರುಗಿ ಬಂದ ಮೇಲೆ. ಶಾಲೆ ತೆರೆಯಲು ಇನ್ನೂ ಹತ್ತು ಹನ್ನೆರಡು ದಿನ ಉಳಿದಿರುತ್ತದೆ. ಅತ್ತ ಊರಿನಿಂದ ಫೋನು ಬರುತ್ತದೆ, "ಪರದೇಶಕ್ಕೆ ಹೋಗಿ ಬಂದ್ರಂತೆ, ನಮ್ಮೂರಿಗೆ ಯಾವಾಗ?" ಎಂದು. ಹೋಗದೇ ಇರುವಂತಿಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಹೊರಟು, ಮಧ್ಯಾಹ್ನ ಉಂಡು, ಚಾಕೊಲೇಟಿನ ಪೊಟ್ಟಣ ಕೊಟ್ಟು, ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಹಿಂತಿರುಗುವುದು ವಾಡಿಕೆಯಾಗಿದೆ. ಸಿಂಗಪುರಕ್ಕೆ ಮೂರು ತಿಂಗಳ ಯೋಜನೆ, ಅಜ್ಜಿಯ ಊರಿಗೆ ಮೂರು ನಿಮಿಷದ್ದೂ ಇಲ್ಲ. ಇದನ್ನು ಮಕ್ಕಳು ಗಮನಿಸುವುದಿಲ್ಲ ಎಂದುಕೊಳ್ಳಬೇಡಿ. ಯಾವುದಕ್ಕೆ ಅಪ್ಪ ಅಮ್ಮ ತಯಾರಿ ಮಾಡಿಕೊಳ್ಳುತ್ತಾರೋ ಅದು ದೊಡ್ಡದು, ಉಳಿದದ್ದು ಚಿಕ್ಕದು ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ತಾನಾಗಿಯೇ ಕೂತುಬಿಡುತ್ತದೆ.

ಅದಕ್ಕೇ ಈ ವಾರ ಒಂದು ಮೂರು ದಿನದ ಯೋಜನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳ ಸುತ್ತ. ನಿಮ್ಮ ನೆಂಟರು ಅಲ್ಲಿದ್ದರೆ ಸರಿಯೇ ಸರಿ. ಇಲ್ಲದಿದ್ದರೂ ಹಂಪೆಗೆ ಹೋಗುವ ಅವಸರದಲ್ಲಿ ನಾವೆಲ್ಲ ಕಾರಿನ ಕಿಟಕಿಯಿಂದಷ್ಟೇ ನೋಡುವ ಸೀಮೆ ಇದು.

ಮೊದಲು ವಿಶ್ರಾಂತಿ

ವಿಮಾನ ಇಳಿದ ಮಾರನೆಯ ದಿನವೇ ಊರಿಗೆ ಹೊರಡಬೇಡಿ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ದುಬೈನದು ಒಂದೂವರೆ ಗಂಟೆ ಹಿಂದೆ. ದೊಡ್ಡ ವ್ಯತ್ಯಾಸವಲ್ಲ, ಆದರೂ ಮಕ್ಕಳ ನಿದ್ದೆ ಹಸಿವುಗಳು ತಾಳಕ್ಕೆ ಬರಲು ಎರಡು ಮೂರು ದಿನ ಬೇಕು. ಬಟ್ಟೆ ಒಗೆದು ಒಣಗಬೇಕು. ಮುಖ್ಯವಾಗಿ, ಮನೆಯ ಹೆಂಗಸಿಗೆ ಒಂದು ದಿನವಾದರೂ ಯಾರ ಸೂಟ್‌ಕೇಸನ್ನೂ ತುಂಬದೆ ಕೂರುವ ಅವಕಾಶ ಸಿಗಬೇಕು.

ಎರಡನೆಯದು ಬಿಸಿಲು. ಸಿಂಗಪುರದ್ದು ಬೆವರು ಸುರಿಸುವ ಸೆಕೆ. ಅಂಗಡಿ, ರೈಲು, ಹೋಟೆಲು ಎಲ್ಲೆಲ್ಲೂ ತಂಪು ಯಂತ್ರ ಇರುವುದರಿಂದ ಗೊತ್ತಾಗದು. ನಮ್ಮ ಈ ಸೀಮೆಯದು ಒಣ ಬಿಸಿಲು. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ. ಆದ್ದರಿಂದ ಊರಿನವರ ದಿನಚರಿಯನ್ನೇ ಹಿಡಿಯಬೇಕು: ಬೆಳಿಗ್ಗೆ ಐದೂವರೆಯಿಂದ ಹತ್ತರವರೆಗೆ ತಿರುಗಾಟ, ಮಧ್ಯಾಹ್ನ ಊಟ ನಿದ್ದೆ, ನಾಲ್ಕೂವರೆಯ ಮೇಲೆ ಮತ್ತೆ ತಿರುಗಾಟ. ಟೋಪಿ, ಹತ್ತಿಬಟ್ಟೆ, ತಂಬಿಗೆಗಟ್ಟಲೆ ಮಜ್ಜಿಗೆ. ದಸರಾ ರಜೆಯಲ್ಲೋ ಡಿಸೆಂಬರಿನಲ್ಲೋ ಹೋಗುವವರಿಗೆ ಈ ಕಟ್ಟುಪಾಡು ಬೇಕಿಲ್ಲ.

ಮೂರನೆಯದು ಪಟ್ಟಿ. ಪರದೇಶದಲ್ಲಿ ದುಡ್ಡು ಕೊಟ್ಟಿದ್ದೇವೆಂದು ದಿನಕ್ಕೆ ಐದಾರು ಜಾಗ ನೋಡಿರುತ್ತೇವೆ. ಅದೇ ಓಟವನ್ನು ಇಲ್ಲಿಗೂ ತರಬೇಡಿ. ದಿನಕ್ಕೆ ಎರಡೇ ಜಾಗ, ಮೂರನೆಯದು ಸಿಕ್ಕರೆ ಲಾಭ.

ಮೊದಲ ದಿನ: ಕೂಡ್ಲಿಗಿ, ಕೊಟ್ಟೂರು, ಉಜ್ಜಿನಿ

ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಚಿತ್ರದುರ್ಗದ ಮೇಲೆ ಹಾದು ರಾಷ್ಟ್ರೀಯ ಹೆದ್ದಾರಿ 50 ಹಿಡಿದರೆ ಕೂಡ್ಲಿಗಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ನಸುಕಿಗೇ ಹೊರಟರೆ ಬಿಸಿಲೇರುವ ಮುಂಚೆ ತಲುಪಬಹುದು. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕವಿದೆ. ದಿಲ್ಲಿಯ ರಾಜಘಾಟ್ ಗೊತ್ತಿರುವ ಮಕ್ಕಳಿಗೆ, ನಮ್ಮ ಸಣ್ಣದೊಂದು ಊರು ಆ ಬೂದಿಯನ್ನು ತಂದು ಕಾಪಾಡಿಕೊಂಡಿದೆ ಎಂಬುದು ಗೊತ್ತಿರುವುದಿಲ್ಲ. ಹತ್ತು ನಿಮಿಷ ನಿಂತರೆ ಸಾಕು.

ಅಲ್ಲಿಂದ ಕೊಟ್ಟೂರು. ಗುರು ಕೊಟ್ಟೂರೇಶ್ವರರ ಊರು. ಫೆಬ್ರುವರಿಯ ಆಸುಪಾಸಿನಲ್ಲಿ ತೇರಿನ ಹೊತ್ತಿಗೆ ದಾವಣಗೆರೆಯ ಕಡೆಯಿಂದಲೂ ಜನ ನಡೆದೇ ಬರುತ್ತಾರೆ. 2017ರ ಫೆಬ್ರುವರಿಯಲ್ಲಿ ರಥೋತ್ಸವದ ವೇಳೆಯಲ್ಲೇ ತೇರು ವಾಲಿ ಉರುಳಿತ್ತು. ಅಂಥ ಎತ್ತರದ ಮರದ ತೇರು ನಿಲ್ಲುವುದು ಹೇಗೆ, ವಾಲುವುದು ಯಾಕೆ ಎಂದು ಮಗ ಕೇಳಿದರೆ ಅದೇ ಒಂದು ಭೌತಶಾಸ್ತ್ರದ ಪಾಠ. ಊರಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಸಿಗುತ್ತದೆ. ವಾರವಿಡೀ ನೂಡಲ್ಸ್ ತಿಂದ ನಾಲಿಗೆಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಬೇಡ.

ಸಂಜೆಗೆ ಉಜ್ಜಿನಿ. ವೀರಶೈವರ ಪಂಚಪೀಠಗಳಲ್ಲಿ ಒಂದು. "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಎಂಬುದು ಈ ಕಡೆಯ ಮಾತು. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ, ಅದರಲ್ಲೂ ಚಾವಣಿಯದು, ಕತ್ತೆತ್ತಿ ನಿಧಾನವಾಗಿ ನೋಡುವಂಥದು. ವರ್ಷಕ್ಕೊಮ್ಮೆ ಗುಡಿಯ ಶಿಖರಕ್ಕೇ ಎಣ್ಣೆ ಎರೆಯುವ ತೈಲಾಭಿಷೇಕ ಇಲ್ಲಿಯ ವಿಶೇಷ. ರಾತ್ರಿ ಕೊಟ್ಟೂರಿನಲ್ಲಿ ತಂಗಿ. ನೆಂಟರ ಮನೆಯಿದ್ದರೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿ. ಸಿಂಗಪುರದಲ್ಲಿ ದೀಪಗಳ ಮಧ್ಯೆ ನಕ್ಷತ್ರ ಕಾಣಿಸಿರಲಾರದು.

ಎರಡನೆಯ ದಿನ: ಹಕ್ಕಿಗಳ ಕೆರೆ, ಹೊಳೆಯ ದಂಡೆ

ಸಿಂಗಪುರಕ್ಕೆ ಹೋದವರು ಬರ್ಡ್ ಪ್ಯಾರಡೈಸ್ ನೋಡಿರುತ್ತಾರೆ. 2023ರಲ್ಲಿ ತೆರೆದ ಈ ಪಕ್ಷಿಧಾಮದಲ್ಲಿ ದೇಶವಿದೇಶದ ಹಕ್ಕಿಗಳನ್ನು ಸಾಕಿ ತೋರಿಸುತ್ತಾರೆ. ಅದನ್ನು ನೋಡಿದ ಮಕ್ಕಳು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವನ್ನು ನೋಡಲೇಬೇಕು. ಇದು ಹಿಂದಿನವರು ನೀರಾವರಿಗೆಂದು ಕಟ್ಟಿದ ಹಳ್ಳಿಯ ಕೆರೆ. ಹರವು ನೂರು ಹೆಕ್ಟೇರಿಗೆ ಸ್ವಲ್ಪ ಕಡಿಮೆ. ನೀರಿನ ನಡುವೆ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಗೂಡು ಕಟ್ಟುತ್ತವೆ. ಇಲ್ಲಿ ಟಿಕೆಟ್ಟಿನ ಆಟವಿಲ್ಲ, ಹಕ್ಕಿಗೆ ಪಂಜರವೂ ಇಲ್ಲ. ಇಷ್ಟವಾದರೆ ಇರುತ್ತವೆ, ಇಲ್ಲವಾದರೆ ಹಾರಿಹೋಗುತ್ತವೆ.

2017ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. 2024ರ ಜನವರಿ ಕೊನೆಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ರಾಮ್ಸರ್ ಎಂಬುದು ಇರಾನ್ ದೇಶದ ಒಂದು ಊರು. 1971ರಲ್ಲಿ ಜಗತ್ತಿನ ಜೌಗು ನೆಲಗಳ ರಕ್ಷಣೆಗೆ ಒಪ್ಪಂದವಾದದ್ದು ಅಲ್ಲಿ. ಕರ್ನಾಟಕದಲ್ಲಿ ಈ ಪಟ್ಟಿಗೆ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. ಆಮೇಲೆ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ, ಅಘನಾಶಿನಿ ಅಳಿವೆ ಒಟ್ಟಿಗೇ ಸೇರಿದವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಈ ಹೆಸರುಗಳನ್ನು ಬಾಯಿಪಾಠ ಮಾಡಿರುತ್ತಾರೆ. ಒಮ್ಮೆ ಕೆರೆಯ ಏರಿಯ ಮೇಲೆ ನಿಂತವರಿಗೆ ಬಾಯಿಪಾಠ ಬೇಕಾಗುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ. ದುರ್ಬೀನು ಇದ್ದರೆ ಒಯ್ಯಿರಿ. ಗಟ್ಟಿ ಬಣ್ಣದ ಬಟ್ಟೆ ಬೇಡ, ಕೂಗಾಟ ಬೇಡ. ಬೇಸಿಗೆಯ ಕೊನೆಗೆ ನೀರು ಇಳಿದು ಹಕ್ಕಿ ಕಡಿಮೆಯಿರಬಹುದು, ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಕೂಡಿಕೊಳ್ಳುತ್ತವೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ.

ಬಿಸಿಲೇರುವಷ್ಟರಲ್ಲಿ ಹಡಗಲಿ ಸೇರಿಕೊಂಡು ವಿಶ್ರಾಂತಿ. ಸಂಜೆ ತುಂಗಭದ್ರೆಯ ದಂಡೆಯ ಕುರುವತ್ತಿ. ಇಲ್ಲಿಯ ಮಲ್ಲಿಕಾರ್ಜುನ ಗುಡಿ ಕಲ್ಯಾಣದ ಚಾಲುಕ್ಯರ ಕಾಲದ್ದು. ಕಂಬದ ಮೇಲಿನ ಮದನಿಕೆಯರನ್ನು ನೋಡಿದವರಿಗೆ ಬೇಲೂರು ನೆನಪಾಗದೆ ಇರದು. ಬೇಲೂರಿಗಿಂತ ಇವರು ಹಿರಿಯರು. ಸಮೀಪದ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರ್ಣಿಕವನ್ನು ರೈತರು ಮಳೆ ಬೆಳೆಗೆ ಹೊಂದಿಸಿ ವರ್ಷವಿಡೀ ಅರ್ಥ ಮಾಡುತ್ತಾರೆ. ಒಂದು ಎಚ್ಚರಿಕೆ: ಹೊಳೆ ಶಾಂತವಾಗಿ ಕಂಡರೂ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಇಲ್ಲಿ ಹೋಟೆಲಿನ ಈಜುಕೊಳದ ಕಾವಲುಗಾರ ಇರುವುದಿಲ್ಲ.

ಮೂರನೆಯ ದಿನ: ಮಲ್ಲಿಗೆ ಮತ್ತು ಬಾಗಳಿ

ಹಡಗಲಿಯ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳಂತೆಯೇ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹಂಪೆಯ ಅರಸರ ಕಾಲಕ್ಕೆ ಹೂವು ಇಲ್ಲಿಂದ ಹೊಳೆಯ ಮೇಲೆ ಹಡಗಿನಲ್ಲಿ ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಎಂಬ ಹೆಸರು ಬಂತು ಎನ್ನುತ್ತಾರೆ. ಮೊಗ್ಗು ಬಿಡಿಸುವುದು ಬೆಳಗಿನ ಜಾವದ ಕೆಲಸ. ತೋಟದವರನ್ನು ಹಿಂದಿನ ದಿನವೇ ಕೇಳಿಕೊಂಡು ಹೋಗಿ, ಅವರ ಜತೆ ಅರ್ಧ ಗಂಟೆ ಮಕ್ಕಳೂ ಮೊಗ್ಗು ಬಿಡಿಸಲಿ. ಅಷ್ಟು ಹೊತ್ತಿನಲ್ಲಿ ಕೈಗೆ ಬಂದದ್ದು ಎಷ್ಟು, ಅದಕ್ಕೆ ಪೇಟೆಯಲ್ಲಿ ಬೆಲೆ ಎಷ್ಟು ಎಂದು ತಾವೇ ಲೆಕ್ಕ ಹಾಕಲಿ. ಮೊಳ ಹೂವಿಗೆ ಚೌಕಾಸಿ ಮಾಡುವ ಮುನ್ನ ಮುಂದೆ ಒಮ್ಮೆ ಯೋಚಿಸುತ್ತಾರೆ.

ಅಲ್ಲಿಂದ ಹರಪನಹಳ್ಳಿ. ಹರಿದಾಸ ಪರಂಪರೆಯ ಹರಪನಹಳ್ಳಿ ಭೀಮವ್ವನ ಊರು. ತಿಂಮನನ್ನು ಕನ್ನಡಕ್ಕೆ ಕೊಟ್ಟ ಬೀchi ಅವರು 1913ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಹತ್ತಿರದ ಬಾಗಳಿಯಲ್ಲಿ ಕಲ್ಲೇಶ್ವರ ಗುಡಿ ಇದೆ, ಸಾವಿರ ವರ್ಷದ ಹಳೆಯದು. ಸುತ್ತ ಶಾಸನಗಳಿವೆ. ಹಳಗನ್ನಡದ ಲಿಪಿಯಲ್ಲಿ ಪರಿಚಿತ ಅಕ್ಷರ ಎಷ್ಟು ಸಿಗುತ್ತವೆ ಎಂದು ಮಕ್ಕಳಿಗೆ ಪಂದ್ಯ ಕಟ್ಟಿ. ಅಲ್ಲಿಂದ ದಾವಣಗೆರೆಯ ಮೇಲೆ ಬೆಂಗಳೂರಿಗೆ ಸಂಜೆಯೊಳಗೆ ಮರಳಬಹುದು. ನಾಲ್ಕನೆಯ ದಿನ ಕೈಯಲ್ಲಿದ್ದವರಿಗೆ ಉಚ್ಚಂಗಿದುರ್ಗವಿದೆ, ಕೂಡ್ಲಿಗಿ ಕಡೆಯ ಗುಡೇಕೋಟೆಯಿದೆ. ಗುಡೇಕೋಟೆಯ ಗುಡ್ಡಗಳು ಕರಡಿಗಳ ನೆಲೆ, ಸಂಜೆಯಾದ ಮೇಲೆ ಅಲೆಯಬಾರದು.

ಊರಿನಲ್ಲಿ ನಡೆದುಕೊಳ್ಳುವುದು

ನೋಡುವ ಜಾಗಗಳಿಗಿಂತ ಕಷ್ಟದ್ದು ಇದು. ಪರದೇಶದಿಂದ ಬಂದ ಮಕ್ಕಳ ಬಾಯಲ್ಲಿ "ಅಲ್ಲಿ ಹೀಗಿರಲಿಲ್ಲ" ಎಂಬ ಮಾತು ಸದಾ ತುದಿಯಲ್ಲೇ ಇರುತ್ತದೆ. ಕರೆಂಟು ಹೋದರೆ, ಬಸ್ಸು ತಡವಾದರೆ, ಬಚ್ಚಲು ಸಣ್ಣದಾದರೆ ಹೊರಗೆ ಬರುತ್ತದೆ. ಗದರಿಸಿ ಬಾಯಿ ಮುಚ್ಚಿಸಿದರೆ ಪ್ರಯೋಜನವಿಲ್ಲ. ಹೌದು, ಅಲ್ಲಿ ಹಾಗಿತ್ತು, ಇಲ್ಲಿ ಯಾಕೆ ಹೀಗಿದೆ ಎಂದು ಅವರ ಜತೆ ಕೂತು ಮಾತಾಡಿ. ಕೂಡ್ಲಿಗಿ, ಹರಪನಹಳ್ಳಿಗಳದು ಮಳೆಯನ್ನೇ ನಂಬಿದ ನೆಲ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಜನ ಗುಳೆ ಹೋಗುತ್ತಾರೆ. ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ. ನಾವು ವಾಸಿಸುವ ಅಪಾರ್ಟ್‌ಮೆಂಟಿನ ಇಟ್ಟಿಗೆಯನ್ನು ಹೊತ್ತವರು ಈ ಊರಿನವರೇ ಇರಬಹುದು. ಹಳ್ಳಿ ಎಂದರೆ ಹಸಿರು ಚಿತ್ರಪಟ ಎಂದು ಹೇಳಿಕೊಟ್ಟು ಕರೆತಂದರೆ ಮಕ್ಕಳಿಗೆ ಮೋಸ ಮಾಡಿದಂತೆ.

ಇನ್ನು ಓರಗೆಯ ಮಕ್ಕಳು. ಚಿಕ್ಕಪ್ಪನ ಮಗ, ಅತ್ತೆಯ ಮಗಳು ಬೇಸಿಗೆಯೆಲ್ಲ ನಿಮ್ಮ ಮಕ್ಕಳ ದಾರಿ ಕಾದಿರುತ್ತಾರೆ. ಬಂದವರು ಫೋನು ತೆಗೆದು ನಾನೂರು ಫೋಟೊ ತೋರಿಸುತ್ತಾ ಕೂತರೆ ಹತ್ತನೆಯ ಫೋಟೊಕ್ಕೆ ಆ ಮಗುವಿನ ಮುಖ ಸಣ್ಣದಾಗುತ್ತದೆ. ಫೋಟೊ ಹತ್ತು ಸಾಕು. ಉಡುಗೊರೆ ತರುವುದಾದರೆ ಎಲ್ಲರಿಗೂ ಒಂದೇ ಬೆಲೆಯದು ತನ್ನಿ, ಮಿಕ್ಕ ಚಾಕೊಲೇಟನ್ನು ಹಂಚುವ ಸಂಪ್ರದಾಯ ಬಿಡಿ.

ಅಜ್ಜನನ್ನು ಒಂದು ಪ್ರಶ್ನೆ ಕೇಳಲು ಮಕ್ಕಳಿಗೆ ಹೇಳಿ: "ಅಜ್ಜ, ನೀನು ಎಷ್ಟು ಊರು ಬದಲಿಸಿದೆ?" ಹರಪನಹಳ್ಳಿಯ ಎಂಬತ್ತು ದಾಟಿದ ಅಜ್ಜ ಹುಟ್ಟಿದ್ದು ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದರು. 1973ರಲ್ಲಿ ಅದು ಕರ್ನಾಟಕವಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದರು, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. ಕೂತ ಕಟ್ಟೆಯಿಂದ ಏಳದೆಯೇ ಇಷ್ಟೆಲ್ಲ ಪ್ರಯಾಣ. ಪಾಸ್‌ಪೋರ್ಟಿನ ಮುದ್ರೆ ಎಣಿಸುವ ಹುಡುಗನಿಗೆ ಈ ಲೆಕ್ಕ ಖಂಡಿತ ರುಚಿಸುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಒಂದೇ ನೋಟ್‌ಬುಕ್ಕಿನ ಎಡಪುಟದಲ್ಲಿ ಸಿಂಗಪುರ, ಬಲಪುಟದಲ್ಲಿ ಈ ಸೀಮೆ ಎಂದು ಬರೆಯಿರಿ. ನೀರು ಎಲ್ಲಿಂದ ಬರುತ್ತದೆ, ಹಕ್ಕಿ ಎಲ್ಲಿ ಕೂರುತ್ತದೆ, ಜನ ಏನು ಉಣ್ಣುತ್ತಾರೆ, ಕೆಲಸಕ್ಕೆ ಎಷ್ಟು ದೂರ ಹೋಗುತ್ತಾರೆ. ಯಾವುದು ಮೇಲು ಎಂದು ತೀರ್ಪು ಬರೆಯುವ ಗೋಜಿಗೆ ಹೋಗಬೇಡಿ, ಕಂಡದ್ದನ್ನಷ್ಟೇ ಬರೆಯಿರಿ.

ತಂದೆ ತಾಯಂದಿರಿಗೆ ಒಂದೇ ಒಂದು ಸಲಹೆ ಉಳಿದಿದೆ. ಈ ಮೂರು ದಿನ ಕಾರಿನಲ್ಲಿ ಒಂದು ಜಾಗ ಖಾಲಿ ಇಟ್ಟುಕೊಂಡು ಹೊರಡಿ. ಊರಿನಲ್ಲಿರುವ ಆ ಚಿಕ್ಕಪ್ಪನ ಮಗನನ್ನೂ ಕೂರಿಸಿಕೊಳ್ಳಿ. ಸಿಂಗಪುರವಿರಲಿ, ಇಪ್ಪತ್ತು ಮೂವತ್ತು ಮೈಲಿ ದೂರದ ಅಂಕಸಮುದ್ರವನ್ನೂ ಕುರುವತ್ತಿಯನ್ನೂ ಅವನು ನೋಡಿರಲಿಕ್ಕಿಲ್ಲ, ಕರೆದೊಯ್ಯುವವರು ಇರಲಿಲ್ಲ ಅಷ್ಟೆ. ಕೆರೆಯ ಏರಿಯ ಮೇಲೆ ಇಬ್ಬರೂ ಒಂದೇ ದುರ್ಬೀನಿಗೆ ಕಿತ್ತಾಡಲಿ. ಮುಂದಿನ ರಜೆಯಲ್ಲಿ ಊರಿಗೆ ಹೋಗೋಣವೆಂದು ನೀವು ಹೇಳುವ ಮೊದಲೇ ಮಗ ಹೇಳುತ್ತಾನೆ.